ಮಂಜರಾಬಾದು ಸೀಮೆಯ ಮಹಾಮಾರಿಗಳು

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ‘ಜನಪದೋದ್ಧ್ವಂಸನೀಯ’ವೆಂಬ ಅಧ್ಯಾಯವೊಂದುಂಟು. ಪಾಂಚಾಲದೇಶದ ಕಾಂಪಿಲ್ಯನಗರದ ಬಳಿ, ಗಂಗಾತೀರದ ವನದಲ್ಲಿ, ಬೇಸಗೆಯ ಕೊನೆಯ ದಿನಗಳಲ್ಲಿ ಶಿಷ್ಯರೊಡನೆ ಸಂಚರಿಸುತ್ತಿದ್ದ ಪುನರ್ವಸು ಆತ್ರೇಯನು ಅಗ್ನಿವೇಶನನ್ನು ಕರೆದು ಎಚ್ಚರಿಸುತ್ತಾನೆ. ಗ್ರಹನಕ್ಷತ್ರಗಳ ಗತಿಯೂ ಋತುಗಳ ನಡೆಯೂ ಕೆಟ್ಟಿವೆ. ಇನ್ನು ಸ್ವಲ್ಪಕಾಲದಲ್ಲಿ ಭೂಮಿಯೇ ಓಷಧಿಗಳಿಗೆ ರಸವೀರ್ಯಗಳನ್ನು ಕೊಡದಾಗುವುದು. ಆದುದರಿಂದ ಈಗಲೇ ಕಿತ್ತು ಸಂಗ್ರಹಿಸಿಡಿರಿ ಎಂಬುದು ಅವನ ಮಾತಿನ ತಾತ್ಪರ್ಯ. ಅಗ್ನಿವೇಶನ ಪ್ರಶ್ನೆಯೂ ಅಷ್ಟೇ ಸ್ವಾರಸ್ಯವಾದುದು. ಪ್ರಕೃತಿ, ಆಹಾರ, ಬಲ, ವಯಸ್ಸು ಇವು ಒಬ್ಬೊಬ್ಬರಿಗೆ ಒಂದೊಂದು ವಿಧವಾಗಿರುವಾಗ ಒಂದೇ ವ್ಯಾಧಿಯು ಒಂದೇ ಕಾಲದಲ್ಲಿ ಒಂದು ದೇಶವನ್ನೆಲ್ಲ ಹೇಗೆ ನಾಶಮಾಡೀತು? ಎಲ್ಲರೂ ಹಂಚಿಕೊಂಡಿರುವ ನಾಲ್ಕು ವಸ್ತುಗಳು ಕೆಡುವುದರಿಂದ ಎಂದು ಗುರುವಿನ ಉತ್ತರ: ವಾಯು, ಜಲ, ದೇಶ, ಕಾಲ.

ನಾನು ವೈದ್ಯಶಾಸ್ತ್ರವನ್ನು ಓದಿದವನಲ್ಲ. ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನು ಕಲಿತು ಮಕ್ಕಳಿಗೆ ಪಾಠ ಹೇಳಿ ವಿಶ್ರಾಂತನಾದವನು. ಆದರೂ ಮಾರಿ ಬರುವುದಕ್ಕೆ ಮುಂಚೆಯೇ ಮದ್ದು ಕೂಡಿಸಿಡಬೇಕೆಂಬ ಈ ಮಾತನ್ನು ಅಳತೆಗೋಲಾಗಿ ಹಿಡಿದು, ಸಕಲೇಶಪುರ ಆಲೂರು ಸೀಮೆಯಲ್ಲಿ ಮಹಾಮಾರಿಗಳು ಬಂದಾಗ ನಮ್ಮಲ್ಲಿ ಏನು ಸಂಗ್ರಹವಿದ್ದಿತು, ಏನಿರಲಿಲ್ಲ, ಇದ್ದುದು ಯಾರಿಗೆ ದೊರೆಯಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ನಾಡಿನ ಸ್ಥಿತಿಯನ್ನು ತಿಳಿಯಬೇಕು. ಹಳೆಯ ಬಲಂ ಸೀಮೆಗೆ ಮಂಜರಾಬಾದೆಂಬ ಹೆಸರು ಬಂದುದು 1792ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯಿಂದ. ಕೋಟೆಯನ್ನು ಮಂಜು ಮುಸುಕಿದ್ದುದನ್ನು ಕಂಡು ಸುಲ್ತಾನನು ಹಾಗೆ ಕರೆದನೆಂದು ಜನರು ಹೇಳುವರು. ತಾಲ್ಲೂಕಿನ ಕಚೇರಿ ಸಕಲೇಶಪುರದಲ್ಲಿದ್ದರೂ ಬಹುಕಾಲ ತಾಲ್ಲೂಕಿಗೆ ಮಂಜರಾಬಾದೆಂದೇ ಹೆಸರು. ಆಲೂರು ಆಗ ಉಪತಾಲ್ಲೂಕು. ಬಲಂ ಪಾಳೆಯಗಾರ ವೆಂಕಟಾದ್ರಿ ನಾಯಕನನ್ನು 1802ರಲ್ಲಿ ಗಲ್ಲಿಗೇರಿಸಿದ ಮೇಲೆ ಇಂಗ್ಲಿಷರು ಕಾಡನ್ನು ಕಡಿಸಿ ದಾರಿಗಳನ್ನು ತೆಗೆಯಿಸಿದರು. 1843ರಲ್ಲಿ ಫ್ರೆಡರಿಕ್ ಗ್ರೀನ್ ಎಂಬ ಐರೋಪ್ಯನು ಮಂಜರಾಬಾದಿನಲ್ಲಿ ಕಾಫಿ ತೋಟವನ್ನು ಹಾಕಿದನು. ದಂಡಿಗಾಗಿ ಆದ ದಾರಿ ಕಾಫಿಗೆ ಒದಗಿತು. ಕಾಫಿಯ ಹಿಂದೆ ಕೂಲಿಯ ಜನ ಬಂದರು. ಘಟ್ಟದ ಕೆಳಗಿನಿಂದ ತುಳುವರು, ಮೂಡಲಿಂದ ಬಯಲುಸೀಮೆಯವರು, ದೂರದ ತಮಿಳು ನಾಡಿನವರು. ಮೇಸ್ತ್ರಿಯಿಂದ ಮುಂಗಡ ಪಡೆದು ಹಣ್ಣು ಕುಯ್ಯುವ ಕಾಲಕ್ಕೆ ಬಂದು, ತೋಟದ ಲೈನುಗಳಲ್ಲಿ ಒಂದೊಂದು ಕೋಣೆಗೆ ಒಂದು ಎರಡು ಸಂಸಾರಗಳಂತೆ ತುಂಬಿಕೊಂಡು, ಮಳೆಗೆ ಮುಂಚೆ ಹಿಂದಿರುಗುವವರು. ವರ್ಷಕ್ಕೆ ಎರಡು ಬಾರಿ ನಡೆಯುವ ಈ ಜನಪ್ರವಾಹವನ್ನು ಮರೆತು ನಮ್ಮ ಸೀಮೆಯ ರೋಗಚರಿತ್ರೆಯನ್ನು ಬರೆಯುವುದು ಸಾಧ್ಯವಿಲ್ಲ. ಹೊರಗಿನ ಮಾರಿಯೆಲ್ಲ ಇಲ್ಲಿಗೆ ಬಂದುದು ದಾರಿ ಹಿಡಿದು. ದಾರಿಯಲ್ಲಿ ನಡೆಯಲೇಬೇಕಾದವರು ಬಡವರು.

ಒಳಗಿನ ಮಾರಿಯೊಂದು ಮೊದಲೇ ಮನೆಮಾಡಿದ್ದಿತು. ಅದು ಚಳಿಜ್ವರ. ಮಲೆನಾಡಿನಲ್ಲಿ ಹೊಟ್ಟೆಯ ಎಡಮಗ್ಗುಲಲ್ಲಿ ಜ್ವರಗಡ್ಡೆ ಇಲ್ಲದ ಮಗುವನ್ನು ಕಾಣುವುದೇ ಅಪರೂಪವಾಗಿದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದರು. ಬಯಲುಸೀಮೆಯವರು ಇತ್ತ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು. ಸರ್ಕಾರಿ ನೌಕರರು ವರ್ಗವಾಗಿ ಬರಲು ಅಂಜುತ್ತಿದ್ದರು. 1901ರಿಂದ 1921ರವರೆಗಿನ ಖಾನೇಷುಮಾರಿಗಳಲ್ಲಿ ನೆರೆಯ ಮಲೆನಾಡಿನ ಶಿವಮೊಗ್ಗ, ಕಡೂರು ಜಿಲ್ಲೆಗಳ ಜನಸಂಖ್ಯೆ ಏರುವ ಬದಲು ಇಳಿಯುತ್ತ ಬಂದಿತು. ರೊನಾಲ್ಡ್ ರಾಸ್ ಎಂಬ ವೈದ್ಯನು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಈ ಜ್ವರದ ಬೀಜವನ್ನು ಕಂಡನು. ಅವನು ಅದಕ್ಕೆ ಎರಡು ವರ್ಷ ಮೊದಲು ವಾಂತಿಭೇದಿಯ ನಿವಾರಣೆಗಾಗಿ ಬೆಂಗಳೂರಿನಲ್ಲಿ ನಿಯುಕ್ತನಾಗಿದ್ದನೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು.

ಮೈಸೂರು ಸಂಸ್ಥಾನಕ್ಕೆ ಸಾಂಕ್ರಾಮಿಕ ರೋಗದ ವಿಚಾರ ಹೊಸದಾಗಿರಲಿಲ್ಲ. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರನು ಮೈಸೂರು ಅರಮನೆಯ ಮೂವರು ಸ್ತ್ರೀಯರನ್ನು ಚಿತ್ರಿಸಿದನು. ಅವರಲ್ಲಿ ಒಬ್ಬರು ಸೀರೆಯ ಸೆರಗನ್ನು ಸರಿಸಿ ತೋಳಿನ ಮೇಲೆ ದೇವಿ ಹಾಕಿಸಿಕೊಂಡ ಸ್ಥಳವನ್ನು ತೋರಿಸುವಂತೆ ನಿಂತಿದ್ದಾರೆ. ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರೆಂದು ವಿದ್ವಾಂಸರು ಗುರುತಿಸಿದ್ದಾರೆ. ರಾಣಿವಾಸದವರೇ ಹಾಕಿಸಿಕೊಂಡರೆಂದು ತಿಳಿದರೆ ಪ್ರಜೆಗಳೂ ಒಪ್ಪುವರೆಂಬುದು ಅದರ ಆಶಯ. ನೂರೈವತ್ತು ವರ್ಷಗಳ ಮೇಲೂ ನಮ್ಮ ಹಳ್ಳಿಗಳಲ್ಲಿ ಡಾಕು ಹಾಕುವವನು ಬಂದನೆಂದರೆ ಮಕ್ಕಳನ್ನು ಕಣಜದ ಹಿಂದೆ ಅಡಗಿಸುವ ತಾಯಂದಿರಿದ್ದರು. ನನ್ನನ್ನೂ ಅಡಗಿಸಿದ್ದರಂತೆ. ಆದರೂ ನನ್ನ ತೋಳಿನಲ್ಲಿ ಆ ಗುರುತು ಇದೆ.

ಪ್ರಕೃತಕ್ಕೆ ಬರೋಣ. ಪ್ಲೇಗು 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡಿತು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರವು ಸಾಂಕ್ರಾಮಿಕ ರೋಗಗಳ ಶಾಸನವನ್ನು ಮಾಡಿತು. ಬಹು ಚಿಕ್ಕ ಶಾಸನ. ಅಧಿಕಾರಿಗಳಿಗೆ ಅದು ಕೊಟ್ಟ ಅಧಿಕಾರ ಮಾತ್ರ ಬಹು ದೊಡ್ಡದು. ಮನೆಗಳನ್ನು ಹೊಕ್ಕು ಶೋಧಿಸುವುದು, ರೋಗಿಯನ್ನು ಎತ್ತಿಕೊಂಡು ಹೋಗುವುದು, ಪ್ರಯಾಣಿಕರನ್ನು ತಡೆದು ನಿಲ್ಲಿಸುವುದು ಎಲ್ಲವೂ ಅದರಿಂದ ನ್ಯಾಯಬದ್ಧವಾಯಿತು. ಪುಣೆಯಲ್ಲಿ ಇದರ ಫಲವಾಗಿ ಪ್ಲೇಗು ಅಧಿಕಾರಿ ರ‍್ಯಾಂಡನ ಕೊಲೆಯೇ ನಡೆಯಿತು. 1898ರ ಆಗಸ್ಟಿನಲ್ಲಿ ರೋಗವು ರೈಲುದಾರಿ ಹಿಡಿದು ಬೆಂಗಳೂರಿಗೆ ಬಂದಿತು. ಆಗ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರವರು, ಪ್ಲೇಗು ಕಮಿಷನರಾಗಿ ನಿಯಮಿತರಾದವರು, ಮುಂದೆ ತಾವೂ ದಿವಾನಪದವಿಗೆ ಬಂದ ವಿ. ಪಿ. ಮಾಧವರಾಯರು. ನಮ್ಮ ಸಂಸ್ಥಾನದಲ್ಲಿಯೂ ಆರಂಭದಲ್ಲಿ ಬಲಾತ್ಕಾರದ ಕ್ರಮಗಳೇ ನಡೆದವು. ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಜನರು ದಂಗೆಯೆದ್ದರು. ಮಡಿ, ಗೋಷಾ, ಶವಸಂಸ್ಕಾರ ಇವುಗಳ ಮೇಲೆ ಕೈಹಾಕಿದ ವೈದ್ಯವು ವೈದ್ಯವಾಗಿ ಅವರಿಗೆ ತೋರಲಿಲ್ಲ.

ಅಂದಿನ ಅಧಿಕಾರಿಗಳನ್ನು ಕ್ರೂರರೆಂದು ಹಳಿದುಬಿಡುವುದು ಸುಲಭ. ರೋಗವು ಇಲಿಯ ಮೈಮೇಲಿನ ಚಿಗಟದಿಂದ ಬರುವುದೆಂದು ಸೀಮೋಂ ಎಂಬ ಫ್ರೆಂಚ್ ವೈದ್ಯನು ಹೇಳಿದುದೇ 1898ರಲ್ಲಿ. ಅದನ್ನು ವಿದ್ವಾಂಸರು ಒಪ್ಪಿದುದು ಇನ್ನೂ ಕೆಲವು ವರ್ಷಗಳ ಮೇಲೆ. ಅದುವರೆಗೆ ಮನುಷ್ಯರನ್ನು ಹಿಡಿದು ಕೂಡಿಹಾಕಲಾಯಿತು. ಇಲಿಗಳು ಸ್ವೇಚ್ಛೆಯಾಗಿ ಓಡಾಡಿದವು. ವಿಶೇಷವೆಂದರೆ ಓದುಬಾರದ ನಮ್ಮ ರೈತನು ಪಂಡಿತರಿಗಿಂತ ಮುಂಚೆಯೇ ಸೂಕ್ಷ್ಮವನ್ನು ಹಿಡಿದಿದ್ದನು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರು ಬಿಡಬೇಕೆಂಬುದು ಅವನ ನಿಯಮ. ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಎರಡು ಮೂರು ತಿಂಗಳಿದ್ದು, ಊರಿಗೆ ಮರಳುವಾಗ ಮಾರಿಗೆ ಹಬ್ಬ ಮಾಡುವುದು. ಕಾಲಕ್ರಮದಲ್ಲಿ ಸರ್ಕಾರದವರು ಈ ಪದ್ಧತಿಯನ್ನೇ ಅಂಗೀಕರಿಸಿ ಪ್ರೋತ್ಸಾಹಿಸಿದರು. ಬೆಂಗಳೂರಿನ ಬಸವನಗುಡಿ ಮಲ್ಲೇಶ್ವರಗಳಂಥ ವಿಸ್ತಾರವಾದ ಬಡಾವಣೆಗಳು ಬೆಳೆದುದರಲ್ಲಿ ಪ್ಲೇಗಿನ ಭಯಕ್ಕೂ ಪಾಲುಂಟು. ಹಿತವಾದ ಸ್ಥಳಕ್ಕೆ ಹೋಗಿ ವಾಸಿಸಬೇಕೆಂಬುದನ್ನು ಆತ್ರೇಯನೂ ಪರಿಹಾರಗಳಲ್ಲಿ ಒಂದಾಗಿ ಎಣಿಸಿದ್ದಾನೆ. ಹಾಫ್‌ಕಿನ್ ಮುಂಬಯಿಯಲ್ಲಿ ಸಿದ್ಧಮಾಡಿ 1897ರ ಜನವರಿಯಲ್ಲಿ ತನ್ನ ಮೈಗೇ ಮೊದಲು ಚುಚ್ಚಿಕೊಂಡ ಲಸಿಕೆಯೂ ಬಂದಿತು. ಆದರೆ ಬಯಲುಸೀಮೆಯವನಿಗೆ ಹೊಲದಲ್ಲಿ ಗುಡಿಸಲು ಹಾಕುವುದು ಸಾಧ್ಯವಾದಂತೆ ತೋಟದ ಲೈನಿನ ಕೂಲಿಯವನಿಗೆ ಆಗುವಂತಿರಲಿಲ್ಲ. ಅವನಿಗೆ ಹೊಲವೆಲ್ಲಿ? ಮುಂಗಡ ತೀರುವವರೆಗೆ ತೋಟವನ್ನು ಬಿಟ್ಟು ಹೋಗುವುದು 1859ರ ಶಾಸನದ ಪ್ರಕಾರ ಅಪರಾಧವೂ ಆಗಿದ್ದಿತು. ಬ್ರಿಟಿಷ್ ಇಂಡಿಯಾದಲ್ಲಿ ಆ ಶಾಸನ ರದ್ದಾದುದು 1925ರಲ್ಲಿ.

1918ರ ಇನ್‌ಫ್ಲುಯೆಂಜಾ ಜ್ವರದ ಸ್ವಭಾವವೇ ಬೇರೆ. ಅದಕ್ಕೆ ಊರು ಬಿಟ್ಟು ಹೋಗಲು ಅವಕಾಶವಿರಲಿಲ್ಲ. ಊರು ಬಿಡಬೇಕೆಂದು ತಿಳಿಯುವಷ್ಟರಲ್ಲಿ ಊರೆಲ್ಲ ಮಲಗಿರುತ್ತಿದ್ದಿತು. ಮಹಾಯುದ್ಧದ ಹಡಗುಗಳೊಡನೆ ಅದು ಜೂನ್ ತಿಂಗಳಿನಲ್ಲಿ ಮುಂಬಯಿಗೆ ಇಳಿಯಿತು. ಮೊದಲ ಅಲೆ ಸೌಮ್ಯವಾಗಿ ಹಾದುಹೋಯಿತು. ಸೆಪ್ಟೆಂಬರಿನಿಂದ ಬಂದ ಎರಡನೆಯ ಅಲೆಯು ಸಂಹಾರರೂಪವನ್ನು ತಾಳಿತು. ಹಿಂದೂಸ್ತಾನದಲ್ಲಿ ಸತ್ತವರ ಸಂಖ್ಯೆ ಕಡಿಮೆಯೆಂದರೆ 1 ಕೋಟಿ 20 ಲಕ್ಷವೆಂದೂ, 1 ಕೋಟಿ 80 ಲಕ್ಷದಷ್ಟಿರಬಹುದೆಂದೂ ಬೇರೆಬೇರೆ ವಿದ್ವಾಂಸರು ಎಣಿಸಿದ್ದಾರೆ. ಎಣಿಕೆಯಲ್ಲಿ ಇಷ್ಟು ಅಂತರವಿರುವುದಕ್ಕೆ ಕಾರಣವುಂಟು: ಹಳ್ಳಿಯಲ್ಲಿ ಜನನಮರಣಗಳನ್ನು ಬರೆಯಬೇಕಾದವರೇ ಹಾಸಿಗೆ ಹಿಡಿದಿದ್ದರು, ಕೆಲವರು ತೀರಿಕೊಂಡರು. ರೋಗವು ಮುದುಕರನ್ನೂ ಶಿಶುಗಳನ್ನೂ ಬಿಟ್ಟು ಇಪ್ಪತ್ತರಿಂದ ನಲವತ್ತು ವರ್ಷದವರನ್ನು ಹೆಚ್ಚಾಗಿ ಆರಿಸಿಕೊಂಡಿತು. ಗಂಡಸರಿಗಿಂತ ಹೆಂಗಸರು ಹೆಚ್ಚು ಮಡಿದರು. ಎಲ್ಲರೂ ಮಲಗಿರುವ ಮನೆಯಲ್ಲಿ ಎದ್ದು ನೀರು ತರಬೇಕಾದವಳು ಹೆಂಗಸಲ್ಲವೆ? ಮೇಲಾಗಿ ಆ ವರ್ಷ ಮುಂಗಾರು ಕೈಕೊಟ್ಟಿದ್ದಿತು. ಯುದ್ಧದಿಂದ ಧಾನ್ಯದ ಬೆಲೆ ಏರಿದ್ದಿತು.

ಆಗ ಮೈಸೂರಿನ ದಿವಾನರು ಸರ್ ಎಂ. ವಿಶ್ವೇಶ್ವರಯ್ಯನವರು, ಆ ವರ್ಷದ ಕೊನೆಯಲ್ಲಿ ಅವರು ಅಧಿಕಾರವನ್ನು ಬಿಟ್ಟರು. ಇಪ್ಪತ್ತು ವರ್ಷಗಳ ಪ್ಲೇಗಿನ ಅನುಭವವುಳ್ಳ ಸರ್ಕಾರವಾದುದರಿಂದ ಬೆಂಗಳೂರಿನಂಥ ನಗರದಲ್ಲಿ ಅದು ಸುಮ್ಮನೆ ಕೂಡಲಿಲ್ಲ. ಸ್ವಯಂಸೇವಕರು ಬೀದಿಬೀದಿಗಳಲ್ಲಿ ಮದ್ದನ್ನೂ ಗಂಜಿಯನ್ನೂ ಹಾಲನ್ನೂ ಹಂಚಿದರು. ಮದ್ದಿನಿಂದ ಉಪಯೋಗ ಸ್ವಲ್ಪವೇ. ರೋಗದ ಬೀಜವಾದ ವಿಷಾಣುವನ್ನು ಲೋಕವು ಕಂಡುಕೊಂಡುದು 1933ರಲ್ಲಿ. ಗಂಜಿಯಿಂದ ಉಪಯೋಗವಾಯಿತು. ಜ್ವರವಿಳಿದು ಏಳಲಾರದೆ ಬಿದ್ದವನಿಗೆ ಬೇಕಾದುದು ಬಿಸಿನೀರು, ಗಂಜಿ, ಹೊದಿಕೆ. ಅವನ್ನು ತಂದುಕೊಡಲು ಕಾಲಲ್ಲಿ ಶಕ್ತಿಯಿರುವ ಒಬ್ಬ ಮನುಷ್ಯ. ನಗರದಲ್ಲಿ ಅಂಥವನನ್ನು ಸಂಘಟಿಸಿ ಕಳುಹಿಸಲು ಸಾಧ್ಯವಾಯಿತು. ತಾಲ್ಲೂಕಿಗೆ ಒಬ್ಬ ಅಮಲ್ದಾರ, ಹೋಬಳಿಗೆ ಒಬ್ಬ ಶೇಕದಾರ, ಗುಡ್ಡಕ್ಕೊಂದು ಮನೆ, ಕೊಲ್ಲಿಗೊಂದು ಕೇರಿ ಇರುವ ನಮ್ಮ ಸೀಮೆಯಲ್ಲಿ ಅದು ಹೇಗೆ ಸಾಧ್ಯ? ರೋಗದ ತೀವ್ರತೆಯ ಕಾಲವೂ, ನವರಾತ್ರಿ ದೀಪಾವಳಿಗಳು ಕಳೆದು ಕೂಲಿಯ ಜನ ಘಟ್ಟ ಹತ್ತುವ ಕಾಲವೂ ಒಂದಾದುವು. ಲೈನಿನ ಕೋಣೆಗಳಲ್ಲಿ ಏನು ನಡೆದಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ನಾನು ಊಹಿಸಬೇಕಾಗಿಲ್ಲದ ಒಂದು ಸಂಗತಿಯನ್ನು ಇಲ್ಲಿ ಹೇಳುತ್ತೇನೆ. ಆಲೂರಿಗೆ ಪಡುವಲಾಗಿರುವ ನಮ್ಮ ಊರಿನಲ್ಲಿ ನನ್ನ ಅಜ್ಜಿಗೆ ಆಗ ಹನ್ನೆರಡು ವರ್ಷ. ಮನೆಯಲ್ಲಿ ಒಂಬತ್ತು ಜನ, ಒಂಬತ್ತು ಜನಕ್ಕೂ ಜ್ವರ. ಹಸುಗಳು ಕೊಟ್ಟಿಗೆಯಲ್ಲಿ ಕೂಗುತ್ತಿದ್ದುವು, ಬಿಚ್ಚುವವರಿಲ್ಲ. ಮೂರನೆಯ ದಿನ, ಗದ್ದೆಯ ಕೆಲಸಕ್ಕೆ ಬರುತ್ತಿದ್ದ ಊರ ಹೊರಗಿನ ಕೇರಿಯ ಹೆಂಗಸೊಬ್ಬಳು ಹಟ್ಟಿಯ ಬಾಗಿಲಿನಿಂದ ಬಂದು ಹಸುಗಳನ್ನು ಬಿಚ್ಚಿ, ಹಾಲು ಕರೆದು, ತನ್ನ ಗುಡಿಸಲಿನಲ್ಲಿಯೇ ಗಂಜಿ ಕಾಯಿಸಿ ತಂದು ಮಡಕೆಯನ್ನು ಜಗಲಿಯ ಮೇಲಿಟ್ಟಳು. ಜಗಲಿಯ ಮೇಲೆ ಅವಳು ಕಾಲಿಟ್ಟುದು ಅದೇ ಮೊದಲು. ಆರು ದಿನ ಹಾಗೆಯೇ ತಂದಳು. ಮಡಿವಂತರಾದ ನನ್ನ ಮುತ್ತಜ್ಜಿಯೂ ಅದನ್ನು ಕುಡಿದರು. ಒಂಬತ್ತು ಜನರಲ್ಲಿ ಇಬ್ಬರು ಹೋದರು, ಏಳು ಜನ ಉಳಿದರು. ಉಳಿದವರು ಎದ್ದು ಓಡಾಡುವಂತಾದ ಮೇಲೆ ಪುರೋಹಿತರನ್ನು ಕರೆಯಿಸಿ ಪಂಚಗವ್ಯ ಸ್ವೀಕರಿಸಿ ಪ್ರಾಯಶ್ಚಿತ್ತ ಮಾಡಿಕೊಂಡರು, ಮಡಕೆಯನ್ನು ಒಡೆದುಹಾಕಿದರು. ಆ ಹೆಂಗಸು ಮತ್ತೆ ಜಗಲಿ ಹತ್ತಲಿಲ್ಲ. ಹತ್ತಬಹುದೆಂದು ಯಾರೂ ಹೇಳಲಿಲ್ಲ. ಅಜ್ಜಿ ಇದನ್ನು ನನಗೆ ಹೇಳಿದುದು ತಮ್ಮ ಎಂಬತ್ತನೆಯ ವರ್ಷದಲ್ಲಿ. ಅವಳ ಹೆಸರೇನೆಂದು ಕೇಳಿದೆನು. ಅಜ್ಜಿಗೆ ಹೆಸರು ನೆನಪಿರಲಿಲ್ಲ. ಗಂಜಿಗೆ ಜೀರಿಗೆ ಹಾಕಿರುತ್ತಿದ್ದಳೆಂಬುದು ನೆನಪಿದ್ದಿತು.

ಮುಂದಿನ ಕಾಲದಲ್ಲಿ ಸಂಗ್ರಹವು ಮೆಲ್ಲಮೆಲ್ಲನೆ ಆಗುತ್ತ ಬಂದಿತು. 1920ರ ದಶಕದ ಕೊನೆಯಿಂದ ಮೈಸೂರು ಸರ್ಕಾರವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಹಾಯದಿಂದ ಆರೋಗ್ಯ ಇಲಾಖೆಯನ್ನು ಹೊಸದಾಗಿ ಕಟ್ಟತೊಡಗಿತು. ಚಳಿಜ್ವರದ ಪರಿಶೋಧನೆಗಾಗಿ ಸ್ಥಾಪಿಸಿದ ಠಾಣೆಗಳಲ್ಲಿ ಒಂದು ನಮ್ಮ ಗಡಿಗೆ ಅಂಟಿಕೊಂಡಿರುವ ಮೂಡಿಗೆರೆಯಲ್ಲಿದ್ದಿತು. ಮಲೆನಾಡಿನಲ್ಲಿ ಜ್ವರವನ್ನು ಹರಡುವ ಸೊಳ್ಳೆಯು ಕೊಚ್ಚೆಯಲ್ಲಿ ಹುಟ್ಟುವುದಲ್ಲ. ನಾವು ನಿರ್ಮಲವೆಂದು ಹೊಗಳುವ ಹಳ್ಳದ ಅಂಚಿನ ಮೆಲ್ಲನೆ ಹರಿಯುವ ತಿಳಿನೀರಿನಲ್ಲಿ, ಗದ್ದೆಯ ಜೌಗಿನಲ್ಲಿ ಹುಟ್ಟುವುದು. ಎರಡನೆಯ ಮಹಾಯುದ್ಧದ ತರುವಾಯ ಡಿ.ಡಿ.ಟಿ. ಬಂದು ಮನೆಗಳ ಗೋಡೆಗಳಿಗೆ ಸಿಂಪಡಿಸಿದ ಮೇಲೆ ಜ್ವರಗಡ್ಡೆಯ ಮಕ್ಕಳು ಕಾಣದಾದರು. 1953ರಲ್ಲಿ ದೇಶವೆಲ್ಲಕ್ಕೂ ಮಲೇರಿಯಾ ನಿಯಂತ್ರಣದ ಯೋಜನೆಯಾಯಿತು. ನಮ್ಮ ಸೀಮೆಯಲ್ಲಿ ಜನ ನೆಲೆಯಾಗಿ ನಿಲ್ಲುವಂತಾದುದಕ್ಕೆ ಕಾಫಿಯ ಬೆಲೆಯಷ್ಟೇ ಈ ಬಿಳಿಯ ಪುಡಿಯೂ ಕಾರಣವೆಂದು ನನ್ನ ಅಭಿಪ್ರಾಯ. ಸಕಲೇಶಪುರದ ಆಸ್ಪತ್ರೆಯು ಕಾಫಿ ತೋಟಗಾರ ಕ್ರಾಫರ್ಡರ ಹೆಸರನ್ನು ಹೊತ್ತಿದೆ. ಮೈಸೂರು ವಿಶ್ವವಿದ್ಯಾನಿಲಯದ ಕ್ರಾಫರ್ಡ್ ಭವನಕ್ಕೂ ಅವರದೇ ಹೆಸರು. 1951ರ ತೋಟಕಾರ್ಮಿಕರ ಶಾಸನವು ಲೈನಿನ ಮನೆ, ಕುಡಿಯುವ ನೀರು, ವೈದ್ಯೋಪಚಾರ ಇವನ್ನು ದೊಡ್ಡ ತೋಟದ ಮಾಲೀಕರ ಕರ್ತವ್ಯವಾಗಿ ಮಾಡಿತು. ಚಿಕ್ಕ ತೋಟಗಳ ಕೂಲಿಯವನು ಅದರ ಹೊರಗುಳಿದನು; ನಮ್ಮಲ್ಲಿ ಚಿಕ್ಕ ತೋಟಗಳೇ ಬಹಳ.

ಹೀಗೆ ನೂರು ವರ್ಷಗಳು ಕಳೆದು 2020 ಬಂದಿತು. ಆ ಮಾರ್ಚ್ 25ರಂದು ಯುಗಾದಿ. ಅಂದಿನಿಂದಲೇ ದೇಶಕ್ಕೆಲ್ಲ ದಿಗ್ಬಂಧನ. ಹಾಸನ ಜಿಲ್ಲೆಯಲ್ಲಿ ಆಗ ಒಬ್ಬ ರೋಗಿಯೂ ಇರಲಿಲ್ಲ. ಮುಂಬಯಿಯಿಂದ ಹಿಂದಿರುಗಿದ ಐವರಲ್ಲಿ ಕೋವಿಡ್ ಕಂಡುಬಂದುದು ಮೇ 12ರಂದು. ಆದರೆ ಯುಗಾದಿ ಕಳೆದು ಎರಡು ಮೂರು ದಿನಗಳಲ್ಲಿಯೇ ನಮ್ಮ ಊರಿನ ಹುಡುಗರು ರಸ್ತೆಗೆ ಅಡ್ಡಲಾಗಿ ಒಂದು ಸಿಲ್ವರ್ ಮರವನ್ನು ಕಡಿದು ಕೆಡವಿದರು. ಕೆಡವುವ ಮೊದಲು, ಹಿರಿಯರ ಮಾತೂ ಒಂದಿರಲೆಂದು ನನ್ನ ಬಳಿಗೆ ಬಂದರು. ನಾನು ಬೇಡವೆನ್ನಲಿಲ್ಲ. ಅಷ್ಟೇ ಅಲ್ಲ, ಆತ್ರೇಯನ ಮಾತನ್ನು ಹೇಳಿ, ವಾಯುವೂ ದೇಶವೂ ಕೆಡುವುದಕ್ಕೆ ಮುಂಚೆ ಎಚ್ಚರವಾಗಿರುವುದು ಶಾಸ್ತ್ರಸಮ್ಮತವೇ ಎಂದು ಸಮಾಧಾನವನ್ನೂ ಹೇಳಿದೆನು. ಅವನು ಮದ್ದನ್ನು ಕೂಡಿಡಬೇಕೆಂದನೇ ಹೊರತು ಮರವನ್ನು ಕೆಡವಬೇಕೆಂದಿರಲಿಲ್ಲ. ಅದು ನನಗೆ ಆಗ ಹೊಳೆಯಲಿಲ್ಲ.

ನಾಲ್ಕನೆಯ ದಿನ ಸಂಜೆ, ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದ ನಮ್ಮೂರ ಕೇರಿಯ ಒಂದು ಸಂಸಾರ ಮರದ ಆಚೆಗೆ ಬಂದು ನಿಂತಿತು. ಗಂಡ, ಹೆಂಡತಿ, ಎರಡು ಮಕ್ಕಳು. ತರಕಾರಿ ಗಾಡಿಯಲ್ಲಿ ಸ್ವಲ್ಪ ದೂರ, ನಡೆದು ಸ್ವಲ್ಪ ದೂರ ಬಂದಿದ್ದರು. ಹುಡುಗರು ಬಿಡಲಿಲ್ಲ. ಆ ರಾತ್ರಿ ಅವರು ಕಳೆದುದು ಬಸ್ಸು ನಿಲ್ಲುವ ತಂಗುದಾಣದಲ್ಲಿ. ಬೆಳಗಾಗುತ್ತಲೆ ಆಶಾ ಕಾರ್ಯಕರ್ತೆಯು ಬಂದು ನಾಲ್ವರ ಹೆಸರನ್ನೂ ಪುಸ್ತಕದಲ್ಲಿ ಬರೆದುಕೊಂಡು, ಜ್ವರ ನೋಡಿ, ಹುಡುಗರನ್ನು ಕರೆದು, ತುಂಬಿದ ಬಸುರಿಯೊಬ್ಬಳು ಈ ಊರಿನಲ್ಲಿದ್ದಾಳೆ, ಆಸ್ಪತ್ರೆಯ ಗಾಡಿ ಯಾವ ದಾರಿಯಲ್ಲಿ ಬರಬೇಕೆಂದು ಕೇಳಿದಳು. ಮಧ್ಯಾಹ್ನದೊಳಗೆ ಮರವನ್ನು ಎರಡು ತುಂಡು ಮಾಡಿ ಬದಿಗೆ ಉರುಳಿಸಿದರು. ಸಂಸಾರವು ತನ್ನ ಮನೆಯಲ್ಲಿಯೇ ಬೇರೆಯಾಗಿ ಹದಿನಾಲ್ಕು ದಿನ ಇದ್ದಿತು. ಯಾರಿಗೂ ಏನೂ ಆಗಲಿಲ್ಲ.

2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಯೋಜನೆಯಿಂದ ಹಳ್ಳಿಗೆ ಒಬ್ಬಳಂತೆ ಬಂದ ಈ ಹೆಣ್ಣುಮಕ್ಕಳೇ 1918ರಲ್ಲಿ ನಮ್ಮಲ್ಲಿ ಇಲ್ಲದಿದ್ದ ಸಂಗ್ರಹ. ಹಾಸನದಲ್ಲಿ 2006ರಿಂದ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ; ಪ್ರಾಣವಾಯುವಿನ ಸಿಲಿಂಡರೂ ಹಾಸಿಗೆಯೂ ಅಲ್ಲಿರುತ್ತವೆ. ಆದರೆ ಗುಡ್ಡದ ಮೇಲಿನ ಮನೆಯಲ್ಲಿ ಯಾರಿಗೆ ಉಸಿರು ಕಟ್ಟಿದೆಯೆಂಬುದನ್ನು ಹಾಸನಕ್ಕೆ ತಿಳಿಸುವವಳು ಅವಳು. ಅವಳಿಗೆ ಸಂಬಳವಿಲ್ಲ, ಗೌರವಧನವೆಂದು ಹೆಸರು. 2020ರ ಜುಲೈಯಲ್ಲಿ ತಿಂಗಳಿಗೆ 12,000 ರೂಪಾಯಿಗಳ ನಿಶ್ಚಿತ ಗೌರವಧನವನ್ನೂ ಮುಖಗವಸು ಮೊದಲಾದ ರಕ್ಷಣಸಾಮಗ್ರಿಯನ್ನೂ ಕೇಳಿ ರಾಜ್ಯದ ಆಶಾ ಕಾರ್ಯಕರ್ತೆಯರು ಮುಷ್ಕರ ಹೂಡಿದರು. ರೋಗ ಏರುತ್ತಿರುವಾಗ ಮುಷ್ಕರವೇ ಎಂದು ಕೆಲವರು ಮೂಗು ಮುರಿದರು. ರೋಗ ಏರದಿದ್ದಾಗ ಕೇಳಿದ್ದರೆ ಕೇಳಿಸಿಕೊಳ್ಳುತ್ತಿದ್ದವರು ಯಾರು?

2021ರ ಏಪ್ರಿಲ್ ತಿಂಗಳಿನಲ್ಲಿ ನಾನು ಲಸಿಕೆಗೆಂದು ಹೋದೆನು. ನಲವತ್ತೈದು ವರ್ಷ ಮೀರಿದವರಿಗೆಲ್ಲ ಆಗ ತಾನೆ ಲಸಿಕೆ ಆರಂಭವಾಗಿದ್ದಿತು, ಸಾಲು ಉದ್ದವಾಗಿದ್ದಿತು. ದಾರಿಯಲ್ಲಿ ಆ ಸಿಲ್ವರ್ ಮರದ ಎರಡು ತುಂಡುಗಳೂ ಹಾಗೆಯೇ ಬಿದ್ದಿದ್ದುವು, ಅಣಬೆ ಎದ್ದು ಒಣಗಿದ್ದಿತು. ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವನು, ಮರದ ಆಚೆಗೆ ಆ ರಾತ್ರಿಯನ್ನು ಕಳೆದ ಸಂಸಾರದ ಯಜಮಾನ. ತಿರುಗಿ ನೋಡಿ, ಬದಿಗೆ ಸರಿದು, “ನೀವು ಮುಂದೆ ಬನ್ನಿ ಮೇಷ್ಟ್ರೇ, ಬಿಸಿಲು” ಎಂದನು.